ನಾರು ಕೊಳ್ಳಲು ಬಂದ ಇಂಗ್ಲಿಷ್ ಮಿಸ್ಸು

ಮೊನ್ನೆ ಭಾನುವಾರ ಗುಬ್ಬಿಗೆ ಹೋಗಿದ್ದೆ. ನನ್ನ ತಮ್ಮ ಸಿದ್ದು ಹಿತ್ತಲಲ್ಲಿ ತೆಂಗಿನಕಾಯಿ ಸಿಪ್ಪೆಯ ರಾಶಿ ಹಾಕಿಕೊಂಡಿದ್ದಾನೆ. ಒಲೆಗೂ ಆಯಿತು, ನಾರಿನ ಫ್ಯಾಕ್ಟರಿಯವರು ಬಂದರೆ ಲೋಡಿಗೂ ಆಯಿತು ಅಂತ. ಮಳೆಗೆ ನೆನೆಯದ ಹಾಗೆ ಅದರ ಮೇಲೊಂದು ಹಳೆಯ ಫ್ಲೆಕ್ಸ್ ಹೊದಿಸಿ, ಮೂಲೆಮೂಲೆಗೂ ನಾರಿನ ಹಗ್ಗ ಬಿಗಿದಿದ್ದಾನೆ. ಕಾಫಿ ಲೋಟ ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಬಂದೆ ನೋಡಿ, ಆ ಫ್ಲೆಕ್ಸಿನಿಂದ ಒಂದು ನೀಲಿ ಕಣ್ಣು, ಅರ್ಧ ಮೂಗು, ಪೂರ್ತಿ ನಗು ನನ್ನನ್ನೇ ನೋಡುತ್ತಿದ್ದವು.

"ನಿನ್ ಫ್ರೆಂಡು ಇನ್ನೂ ಗಟ್ಟಿಯಾಗವ್ಳೆ ಕಣಕ್ಕ," ಅಂದ ಸಿದ್ದು. "ನಾಲ್ಕ್ ಮಳೆಗಾಲ ಕಂಡವ್ಳೆ. ಎಲ್ಲಾದ್ರೂ ಒಂದ್ ತೂತೈತಾ ನೋಡು."

ತಮಾಷೆಗೆ ಅಂದದ್ದು. ನಾನೂ ನಕ್ಕೆ. ನಗುವುದನ್ನು ಟೀಚರುಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಇನ್ಸ್‌ಪೆಕ್ಷನ್ ದಿನ ನಕ್ಕು ನಕ್ಕು ಅಭ್ಯಾಸ. ಆದರೆ ಹೊಟ್ಟೆಯೊಳಗಿನ ಕಹಿ ಹಾಗೇ ಉಳಿಯಿತು. ಅದನ್ನು ನಿಮ್ಮ ಹತ್ತಿರವಾದರೂ ಹೇಳಿಕೊಳ್ಳುತ್ತೇನೆ. ಪುರುಸೊತ್ತಿದೆ ತಾನೇ?

ನಾನು ಇಂಗ್ಲಿಷ್ ಟೀಚರು. ಹೀಗೆ ಹೇಳುವಾಗ ಈಗಲೂ ಒಂದು ಸಲ ಆಚೀಚೆ ನೋಡುತ್ತೇನೆ, ಯಾರಾದರೂ ಬಂದು "ಅಲ್ಲ" ಅಂದುಬಿಟ್ಟರೆ ಅಂತ. ಹುಟ್ಟಿದ್ದು ಗುಬ್ಬಿ, ಓದಿದ್ದು ಕನ್ನಡ ಮೀಡಿಯಂ, ಹೆಸರು ಸರ್ವಮಂಗಳ. ಈ ಮೂರರಲ್ಲಿ ಒಂದಿದ್ದರೂ "ಇವಳೆಂಥ ಇಂಗ್ಲಿಷ್ ಮಿಸ್ಸು" ಎಂದು ಜನ ಮೂಗು ಮುರಿಯುತ್ತಾರೆ. ನನಗೆ ಮೂರೂ ಇದ್ದವು.

ನಾನು ಓದಿದ ಮೊದಲ ಇಂಗ್ಲಿಷ್ ವಾಕ್ಯ ಪುಸ್ತಕದ್ದಲ್ಲ, ಗೋಣಿಚೀಲದ್ದು. ಅಪ್ಪ ಗುಬ್ಬಿಯ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಸ್ಕೂಲು ಬಿಟ್ಟ ಮೇಲೆ ನಾನು ಅಲ್ಲಿ ಮೂಟೆಗಳ ಸಂದಿಯಲ್ಲಿ ಕೂತು ಕೊಬ್ಬರಿ ಚೂರು ಅಗಿಯುತ್ತಿದ್ದೆ. ಸಕ್ಕರೆಯೋ ಗೊಬ್ಬರವೋ ಬಂದ ಹಳೆಯ ಚೀಲಗಳ ಮೇಲೆ ಕಪ್ಪು ಮಸಿಯಲ್ಲಿ ದಪ್ಪದಾಗಿ "ಯೂಸ್ ನೋ ಹುಕ್ಸ್" ಎಂದು ಅಚ್ಚಾಗಿರುತ್ತಿತ್ತು. ಐದನೇ ಕ್ಲಾಸಿನಲ್ಲಿ ಎ ಬಿ ಸಿ ಡಿ ಶುರುವಾದ ಹೊಸದು. ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಹಾಗಂದರೇನು ಅಂತ ಅಪ್ಪನನ್ನು ಕೇಳಿದರೆ "ಕೊಕ್ಕೆ ಹಾಕಬ್ಯಾಡಿ ಅಂತ ಕಣವ್ವ" ಅಂದರು. ಅಷ್ಟರಲ್ಲಿ ಹಮಾಲಿ ಬಂದವನು ತನ್ನ ಕಬ್ಬಿಣದ ಕೊಕ್ಕೆಯನ್ನು ಸರಿಯಾಗಿ ಆ ಅಕ್ಷರಗಳ ನಡುವೆಯೇ ಚುಚ್ಚಿ ಮೂಟೆಯನ್ನು ಬೆನ್ನಿಗೆ ಎಳೆದುಕೊಂಡ.

"ಕೊಕ್ಕೆ ಹಾಕ್ಬಾರ್ದಂತೆ!" ಅಂತ ಕೂಗಿದೆ.

"ಚೀಲುಕ್ಕೇನವ್ವ, ಬರ್ಕೊಂಡಿರ್ತದೆ," ಅಂದ ಅವನು. "ಎತ್ತೋನು ನಾನಲ್ವಾ?"

ಕಾಯಿದೆ ಕಾನೂನಿನ ಬಗ್ಗೆ ಆಮೇಲೆ ನಾನು ಓದಿದ್ದು ಬಹಳ ಇದೆ, ತಿಳಿದುಕೊಂಡಿದ್ದು ಮಾತ್ರ ಇಷ್ಟೇ.

ಎಂ.ಎ.ಯನ್ನು ಅಂಚೆಯಲ್ಲಿ ಮುಗಿಸಿ, ತೊಂಬತ್ತರ ದಶಕದ ಶುರುವಿನಲ್ಲಿ ಕುಣಿಗಲ್ಲಿನ ಒಂದು ಟುಟೋರಿಯಲ್ಲಿಗೆ ಸೇರಿದೆ. ಟುಟೋರಿಯಲ್ ಎಂದರೆ ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆದವರ ಆಸ್ಪತ್ರೆ. ಕೆಳಗೆ ಸೈಕಲ್ ಶಾಪು, ಮೇಲೆ ತಗಡಿನ ಷೀಟಿನಡಿ ನಾವು. ಅರ್ಧಕ್ಕರ್ಧ ಹುಡುಗರು ನನಗಿಂತ ಎತ್ತರ. ಎಲ್ಲರಿಗೂ ಒಂದೇ ಕಾಯಿಲೆ, ಇಂಗ್ಲಿಷು. ಅವರಲ್ಲಿ ರಂಗಸ್ವಾಮಿ ಅಂತ ಒಬ್ಬನಿದ್ದ. ಮೀಸೆ ಬಂದಿತ್ತು, ಪೊಲೀಸ್ ಆಗುವ ಆಸೆಯಿತ್ತು, ಪರೀಕ್ಷೆಯ ಹಾಲಿಗೆ ಹೋದರೆ ಮಾತ್ರ ಓದಿದ್ದೆಲ್ಲ ಮರೆತುಹೋಗುತ್ತಿತ್ತು.

"ನಂಗೆ ಇಂಗ್ಲಿಷ್ ಅಂದ್ರೆ ಚಳಿಜ್ವರ ಬತ್ತದೆ ಮೇಡಂ," ಅಂತ ಒಂದು ದಿನ ಅತ್ತೇಬಿಟ್ಟ.

"ಹೆದರ್ಕೋಬೇಡ ಕಣೋ," ಅಂದೆ. "ಅದೂ ನಿಮ್ಮನೆ ಹಸು ಇದ್ದ ಹಾಗೆ. ಹತ್ತಿರ ಹೋಗಿ ಕತ್ತಿನಡಿಯ ಗಂಗೆದೊಗಲು ಸವರಿದ್ರೆ ಹಾಯೋದಿಲ್ಲ."

ಆ ಮಾತು ಅವನಿಗೆ ಹಿಡಿಸಿತು. ಹಸುವಿನ ಮೇಲಿನ ಪ್ರಬಂಧದಿಂದಲೇ ಶುರು ಮಾಡಿದೆವು. ಕೊಂಬಿನಿಂದ ಬಾಲದವರೆಗೆ ಬಾಯಿಪಾಠ ಮಾಡಿಸಿದೆ. ಪ್ರಶ್ನೆ ಯಾವುದೇ ಬರಲಿ, ರೈಲಿನ ಮೇಲೆ ಬರೆ ಅಂದರೂ, ಆ ರೈಲಿನಿಂದ ಒಂದು ಹಸು ಕಾಣಿಸಿತು ಅಂತ ಬರೆದು ಮುಂದುವರಿಸು ಅಂತ ಹೇಳಿಕೊಟ್ಟೆ. ಪಾಸಾದ. ಒಂದು ಚಿಪ್ಪು ಬಾಳೆಹಣ್ಣು ತಂದು ಕೈಗಿಟ್ಟು ಹೋದ. ನಾನೂ ಅವನನ್ನು ಮರೆತೆ.

ಆಮೇಲೆ ತುಮಕೂರಿಗೆ ಬಂದೆ. ಊರಾಚೆಯ ಸತ್ಯಮಂಗಲದಲ್ಲಿ ತೆಂಗಿನ ನಾರಿನ ಫ್ಯಾಕ್ಟರಿ ಇಟ್ಟಿದ್ದವರೊಬ್ಬರು ಒಂದು ಶಾಲೆ ತೆಗೆದಿದ್ದರು. ನಾವು ಅವರನ್ನು ಛೇರ್ಮನ್ನರು ಅನ್ನುತ್ತಿದ್ದೆವು. ಶಾಲೆಯ ಹೆಸರಿನಲ್ಲಿ ಇಂಟರ್‌ನ್ಯಾಷನಲ್ ಅಂತ ಇತ್ತು. ಅತಿ ದೂರದಿಂದ ಬರುತ್ತಿದ್ದ ಮಗು ಪಕ್ಕದ ಬೆಳ್ಳಾವಿಯದು. ನಾನು ಅಲ್ಲಿ ವರ್ಷಗಟ್ಟಲೆ ಹತ್ತನೇ ಕ್ಲಾಸಿಗೆ ಇಂಗ್ಲಿಷ್ ಪಾಠ ಮಾಡಿದೆ. ಮದುವೆ ಆಗಲಿಲ್ಲ, ಚಿನ್ನ ಮಾಡಿಸಲಿಲ್ಲ. ನನ್ನದು ಅಂತ ಇದ್ದದ್ದು ಬಾಡಿಗೆ ಮನೆ, ಜೊತೆಗಿದ್ದ ಅಮ್ಮ, ಮತ್ತೆ ಆ ಹತ್ತನೇ ಕ್ಲಾಸು. ಬೆಳಗಿನ ಮೊದಲ ಪೀರಿಯಡ್ಡಿಗೆ ಆ ಬಾಗಿಲಲ್ಲಿ ಕಾಲಿಟ್ಟಾಗ ಮಕ್ಕಳೆಲ್ಲ ಎದ್ದು ನಿಲ್ಲುವ ಸದ್ದು ಇದೆಯಲ್ಲ, ಅದಕ್ಕಾಗಿ ನಾನು ಬದುಕಿದ್ದೆ ಅಂದರೆ ನೀವು ನಗಬಾರದು.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು, ಮಾರ್ತಾ ಬಂದಳು. ಪೋಲೆಂಡ್ ದೇಶದವಳು. ಅವಳ ಚಿಕ್ಕಪ್ಪ ನಾರಿನ ಮ್ಯಾಟು ಕೊಳ್ಳುವ ವ್ಯಾಪಾರಿ. ಸರಕು ನೋಡಲು ಛೇರ್ಮನ್ನರ ಫ್ಯಾಕ್ಟರಿಗೆ ಬಂದವನು ಜೊತೆಗೆ ಅಣ್ಣನ ಮಗಳನ್ನೂ ಕರೆತಂದಿದ್ದ. ಛೇರ್ಮನ್ನರು ಜಂಬಕ್ಕೆ ಅವರನ್ನು ಶಾಲೆಗೂ ಒಂದು ಸುತ್ತು ಹಾಕಿಸಿದರು. ಅಷ್ಟೇ ನೋಡಿ. ಮಾರನೇ ದಿನದಿಂದ ಫೋನು. "ಏನ್ ಸಾರ್, ಇಂಗ್ಲಿಷ್ ಪಾಠಕ್ಕೆ ಫಾರಿನ್ನವರನ್ನ ಹಾಕ್ತಿದೀರಂತೆ? ನಮ್ ಹುಡುಗನ್ಗೂ ಒಂದ್ ಸೀಟ್ ಇರ್ಲಿ." ಚಿಕ್ಕಪ್ಪ ಊರಿಗೆ ಹೋದ, ಮಾರ್ತಾ ಉಳಿದಳು. ಜೂನ್‌ನಲ್ಲಿ ಶಾಲೆ ತೆರೆದಾಗ ನನ್ನ ಹತ್ತನೇ ಕ್ಲಾಸಿನ ಬಾಗಿಲಲ್ಲಿ ಅವಳು ನಿಂತಿದ್ದಳು. ನನಗೆ ಸಿಕ್ಕಿದ್ದು ನೀತಿಪಾಠ ಮತ್ತು ಲೈಬ್ರರಿ ಬೀರುವಿನ ಬೀಗದ ಕೈ.

"ಮಿಸ್ಸೇ, ಬೇಜಾರ್ ಮಾಡ್ಕೋಬೇಡಿ," ಅಂದರು ಛೇರ್ಮನ್ನರು. "ನೀವು ಮನೆಯವರು. ಲಂಡನ್ ಟೀಚರ್ ಅಂದ್ರೆ ಶಾಲೆಗೊಂದು ತೂಕ."

"ಅವರು ಲಂಡನ್ನಿನವರಲ್ಲ ಸಾರ್."

"ನಮ್ಮೋರಿಗೆ ಎಲ್ಲಾ ಒಂದೇ ಬಿಡಿ. ಬೆಳ್ಳಗಿದ್ರೆ ಲಂಡನ್ನು."

ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆಯೇ ಇದೆ. ಹಿತ್ತಲ ಗಿಡಕ್ಕೆ ಏನನಿಸುತ್ತದೆ ಅಂತ ಯಾರೂ ಗಾದೆ ಮಾಡಿಲ್ಲ.

ಮೊದಮೊದಲು ಮಾರ್ತಾಳನ್ನು ಕಂಡರೆ ಮೈ ಉರಿಯುತ್ತಿತ್ತು. ಒಂದು ಸಂಜೆ ಅವಳೇ ನಮ್ಮ ಮನೆ ಹುಡುಕಿಕೊಂಡು ಬಂದಳು. ಪಠ್ಯಪುಸ್ತಕವನ್ನು ಎದೆಗವಚಿಕೊಂಡಿದ್ದಳು. ಅವಳು ಟೀಚರೇ ಅಲ್ಲವಂತೆ. ಊರಲ್ಲಿ ಬೇಕರಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುತ್ತಿದ್ದಳಂತೆ. ಇಂಗ್ಲಿಷು ಶಾಲೆಯಲ್ಲಿ ಕಲಿತದ್ದು, ನನ್ನ ಹಾಗೆಯೇ, ಹೆದರಿ ಹೆದರಿ. "ನನಗೆ ನಾಳೆಯ ಪಾಠ ಅರ್ಥವಾಗುತ್ತಿಲ್ಲ. ಮಕ್ಕಳು ನನ್ನನ್ನು ನೋಡುತ್ತಾ ಕೂರುತ್ತಾರೆ. ನೀನು ಹೇಳಿಕೊಡುತ್ತೀಯಾ?" ಅಂದಳು. ಒಳಗಿನಿಂದ ಅಮ್ಮ ತಟ್ಟೆಯಲ್ಲಿ ಉಪ್ಪಿಟ್ಟು ತಂದು ಅವಳ ಮುಂದಿಟ್ಟರು.

"ಕೇಳೇ ಮಂಗಳಿ, ಅವ್ರೂರಲ್ಲಿ ಎಲ್ರೂ ಇಂಗ್ಲಿಷೇ ಮಾತಾಡ್ತಾರಾ?"

ಇಲ್ಲವಂತಮ್ಮ, ಅವರದೇ ಬೇರೆ ಭಾಷೆ ಇದೆಯಂತೆ ಅಂದೆ.

"ಮತ್ತೆ ಇಂಗ್ಲಿಷ್ ಹೇಳ್ಕೊಡಕ್ಕೆ ಇವ್ಳ್ಯಾಕೆ ಅಷ್ಟು ದೂರದಿಂದ ಬಂದವ್ಳೆ? ನೀನಿರ್ಲಿಲ್ವಾ?"

ಅದನ್ನು ನಾನು ಮಾರ್ತಾಳಿಗೆ ಅನುವಾದಿಸಲಿಲ್ಲ.

ಹೀಗೆ ಶುರುವಾಯಿತು. ಸಂಜೆ ನಾನು ಅವಳಿಗೆ ಪಾಠ ಹೇಳುವುದು, ಬೆಳಿಗ್ಗೆ ಅವಳು ಹೋಗಿ ಮಕ್ಕಳಿಗೆ ಹೇಳುವುದು. ಪಾಠ ನನ್ನದು, ಬಾಯಿ ಅವಳದು. ಪೇರೆಂಟ್ಸ್ ಮೀಟಿಂಗಿನಲ್ಲಿ ಒಬ್ಬ ತಂದೆ ಮಗಳ ಕೈಲಿ ಪದ್ಯ ಹೇಳಿಸಿ, "ನೋಡಿ ಮಿಸ್, ಹೆಂಗೆ ಲಂಡನ್ ಸ್ಟೈಲ್ ಬಂದಿದೆ" ಅಂತ ನನಗೇ ಹೇಳಿದರು. ಆ ಸ್ಟೈಲು ಗುಬ್ಬಿಯದು ಅಂತ ಹೇಗೆ ಹೇಳಲಿ? ಮೂಲೆಯಲ್ಲಿ ನಿಂತಿದ್ದ ಮಾರ್ತಾ ನನ್ನ ಕಡೆ ನೋಡಿ ಕಣ್ಣು ಹೊಡೆದಳು. ಆ ಕ್ಷಣದಿಂದ ನಾವಿಬ್ಬರೂ ಗೆಳತಿಯರಾದೆವು. ಸುಳ್ಳು ಯಾಕೆ ಹೇಳಲಿ, ಕ್ಲಾಸಿನಿಂದ ಆಚೆ ನಾನು ಇಂಗ್ಲಿಷ್ ಮಾತಾಡಿದ್ದು ಬದುಕಿನಲ್ಲಿ ಅದೇ ಮೊದಲು. ಅಷ್ಟು ವರ್ಷ ಪಾಠ ಮಾಡಿದ ಭಾಷೆಯಲ್ಲಿ ಇನ್ನೊಬ್ಬರ ಜೊತೆ ಜಗಳವಾಡಬಹುದು, ಚಾಡಿ ಹೇಳಬಹುದು, ಅಳಬಹುದು ಅಂತ ನನಗೆ ಗೊತ್ತೇ ಇರಲಿಲ್ಲ.

ಈಗ ಸ್ವಲ್ಪ ವೀಸಾ ಪುರಾಣ ಕೇಳಬೇಕು. ನನ್ನ ಹತ್ತಿರ ಪಾಸ್‌ಪೋರ್ಟು ಕೂಡ ಇರಲಿಲ್ಲ, ಆದರೆ ಆ ವರ್ಷ ವೀಸಾದ ಕಾಯಿದೆಗಳೆಲ್ಲ ಮಗ್ಗಿಯ ಹಾಗೆ ಬಾಯಿಗೆ ಬಂದವು. ಮಾರ್ತಾ ಬಂದಿದ್ದು ಬಿಸಿನೆಸ್ ವೀಸಾದಲ್ಲಿ, ನಾರು ಕೊಳ್ಳುವ ವ್ಯಾಪಾರಿ ಅಂತ. ವ್ಯಾಪಾರಿ ಬರಬಹುದು, ಸರಕು ನೋಡಬಹುದು, ದರ ಮಾತಾಡಬಹುದು. ಇಲ್ಲಿ ಕೆಲಸಕ್ಕೆ ಸೇರುವ ಹಾಗಿಲ್ಲ, ಪಾಠ ಮಾಡುವ ಹಾಗಂತೂ ಇಲ್ಲವೇ ಇಲ್ಲ. ತಿಂಗಳುಗಟ್ಟಲೆ ಉಳಿದರೆ ಪೊಲೀಸ್ ಕಚೇರಿಯಲ್ಲಿ ಹೆಸರು ಬರೆಸಬೇಕು. ಟೀಚರ್ ಆಗಿ ಇರಬೇಕಾದರೆ ಅದಕ್ಕೆ ಬೇರೆ, ಉದ್ಯೋಗದ ವೀಸಾ. ಅದಕ್ಕೆ ಅವಳು ವಾಪಸ್ ಹೋಗಿ ತನ್ನ ದೇಶದಿಂದ ಅರ್ಜಿ ಹಾಕಬೇಕು. ಇಲ್ಲಿಯ ಶಾಲೆಯವರು ಈ ಕೆಲಸಕ್ಕೆ ತಕ್ಕವರು ಈ ದೇಶದಲ್ಲಿ ನಮಗೆ ಸಿಕ್ಕಿಲ್ಲ ಅಂತ ತೋರಿಸಬೇಕು. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ.

ಇದನ್ನೆಲ್ಲ ಛೇರ್ಮನ್ನರಿಗೆ ಬೆಂಗಳೂರಿನ ಏಜೆಂಟೊಬ್ಬ ಮೊದಲೇ ಬಿಡಿಸಿ ಹೇಳಿದ್ದ. ಛೇರ್ಮನ್ನರು ಮಾತ್ರ, "ಅದೆಲ್ಲ ಬರ್ಕೊಂಡಿರ್ತಾರೆ ಬಿಡಿ" ಅಂದುಬಿಟ್ಟರು. ನನಗೆ ಮಂಡಿಯ ಹಮಾಲಿ ನೆನಪಾದ. ಅವನಾದರೂ ಮೂಟೆಯನ್ನು ತನ್ನ ಬೆನ್ನ ಮೇಲೆ ಹೊತ್ತಿದ್ದ.

ಹೆಸರು ಬರೆಸಿದ ಮೇಲೆ ವಿಚಾರಣೆಗೆ ಒಬ್ಬ ವಯಸ್ಸಾದ ಅಧಿಕಾರಿ ಫ್ಯಾಕ್ಟರಿಗೆ ಬರುತ್ತಾರೆ ಅಂತ ಸುದ್ದಿ ಬಂತು. ಪಾಠದ ಮಧ್ಯದಿಂದ ಮಾರ್ತಾಳನ್ನು ಎಬ್ಬಿಸಿ ಕಾರಿಗೆ ಹಾಕಿಕೊಂಡರು. ದುಭಾಷಿಯಾಗಿ ನನ್ನನ್ನೂ. ಸತ್ಯಮಂಗಲದ ಫ್ಯಾಕ್ಟರಿಯ ಷೆಡ್ಡಿನಲ್ಲಿ ಒಂದು ಮೇಜು ಹಾಕಿ, ಮೇಜಿನ ಮೇಲೆ ನಾರಿನ ಕಂತೆ ಇಟ್ಟು, ಅವಳನ್ನು ಕೂರಿಸಿದರು. ನಾರನ್ನು ಹೇಗೆ ಹಿಡಿಯಬೇಕು ಅಂತ ಗೊತ್ತಿಲ್ಲದೆ ಅವಳು ಅದನ್ನು ಬೆಕ್ಕಿನ ಮರಿಯ ಹಾಗೆ ಮಡಿಲಲ್ಲಿಟ್ಟುಕೊಂಡಳು. ಅಧಿಕಾರಿ ಅವಳ ಕೈ ನೋಡಿದರು. ಕೈತುಂಬ ಸೀಮೆಸುಣ್ಣ.

"ಇದೇನ್ ಕೈಗೆ?"

"ನಾರಿನ ಧೂಳು ಸಾರ್," ಅಂದರು ಛೇರ್ಮನ್ನರು.

ನಾರಿನ ಧೂಳು ಬೆಳ್ಳಗಿರುವುದನ್ನು ನಾನು ಕೇಳಿದ್ದು ಅದೇ ಮೊದಲು. ಆ ಅಧಿಕಾರಿಯೂ ಹಾಗೇ ಅಂದುಕೊಂಡಿರಬೇಕು. ಆದರೆ ಟೀ ಬಂತು, ಬೋಂಡ ಬಂತು, ಅವರು ಎದ್ದು ಹೋದರು. ಕಾರಿನಲ್ಲಿ ವಾಪಸ್ ಬರುವಾಗ ಮಾರ್ತಾ ನಗುತ್ತಲೇ ಇದ್ದಳು. ನಗು ನಿಂತ ಮೇಲೆ ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು. "ಊರಲ್ಲಿ ನಾನು ಬ್ರೆಡ್ಡು ಕೊಡುವ ಹುಡುಗಿ. ನನ್ನ ಮುಖ ಯಾರಿಗೂ ನೆನಪಿರಲ್ಲ. ಇಲ್ಲಿ ಮಕ್ಕಳು ನನಗೋಸ್ಕರ ಎದ್ದು ನಿಲ್ತಾರೆ ಮಂಗಳಾ. ನನಗೆ ವಾಪಸ್ ಹೋಗೋದಕ್ಕೆ ಇಷ್ಟ ಇಲ್ಲ."

ಎದ್ದು ನಿಲ್ಲುವ ಆ ಸದ್ದು ಯಾರದು ಅಂತ ನನಗೆ ಗೊತ್ತಿತ್ತು. ಆದರೂ ಅವಳ ಮೇಲೆ ಸಿಟ್ಟು ಬರಲಿಲ್ಲ.

ಅಷ್ಟರಲ್ಲೇ ಸುಮ್ಮನಿದ್ದಿದ್ದರೆ ಎಲ್ಲವೂ ನಡೆದುಹೋಗುತ್ತಿತ್ತು. ಆದರೆ ನಮ್ಮ ಕಡೆಯವರಿಗೆ ಒಂದು ಚಟ ಇದೆ. ಕದ್ದು ಮಾಡಿದ ಕೆಲಸಕ್ಕೂ ಸನ್ಮಾನ ಆಗಬೇಕು, ಊರಿಗೆಲ್ಲ ಗೊತ್ತಾಗಬೇಕು. ನವೆಂಬರಿನಲ್ಲಿ ರಾಜ್ಯೋತ್ಸವ ಬಂತು. ಛೇರ್ಮನ್ನರು ತಡೆದುಕೊಳ್ಳಲಾರದೆ ಬಸ್ ಸ್ಟ್ಯಾಂಡ್ ಹತ್ತಿರ ಒಂದು, ಪೊಲೀಸ್ ಕಚೇರಿಗೆ ಹೋಗುವ ಸರ್ಕಲ್ಲಿನಲ್ಲಿ ಒಂದು ಫ್ಲೆಕ್ಸ್ ಕಟ್ಟಿಸಿದರು. ಮೇಲೆ ಹಳದಿ ಕೆಂಪು ಬಾವುಟ, ಕನ್ನಡ ರಾಜ್ಯೋತ್ಸವದ ಶುಭಾಶಯ. ನಡುವೆ ಆಳೆತ್ತರದ ಮಾರ್ತಾ. ಕೆಳಗೆ, "ಲಂಡನ್ ನಗರದಿಂದ ನಮ್ಮ ಶಾಲೆಗೆ ಆಗಮಿಸಿರುವ ಆಂಗ್ಲ ಶಿಕ್ಷಕಿಗೆ ಹೃತ್ಪೂರ್ವಕ ಸನ್ಮಾನ". ಅದರ ಕೆಳಗೆ ಛೇರ್ಮನ್ನರು, ಅವರ ಭಾವಮೈದ, ಹಿತೈಷಿಗಳು, ಎಲ್ಲರೂ ಕಪ್ಪು ಕನ್ನಡಕ ಹಾಕಿಕೊಂಡು ಸಾಲಾಗಿ. ಕಾಗದದ ಮೇಲೆ ನಾರಿನ ವ್ಯಾಪಾರಿ, ಸರ್ಕಲ್ಲಿನಲ್ಲಿ ಇಂಗ್ಲಿಷ್ ಟೀಚರು. ತಪ್ಪು ಮಾಡಿದವರೆಲ್ಲ ತಮ್ಮ ತಮ್ಮ ಫೋಟೋ ಅಚ್ಚು ಹಾಕಿಸಿ, ಠಾಣೆಯ ದಾರಿಯಲ್ಲಿ ನೇತುಹಾಕಿದ್ದನ್ನು ನೀವು ಬೇರೆ ಯಾವ ಊರಿನಲ್ಲಾದರೂ ಕಂಡಿದ್ದೀರಾ?

ಆ ಫೋಟೋದ ಬಗ್ಗೆ ಒಂದು ಮಾತು. ಅದು ನಮ್ಮಿಬ್ಬರದು. ದಸರಾ ರಜೆಗೆ ಮುಂಚೆ ಶಾಲೆಯ ಅಂಗಳದಲ್ಲಿ ಸ್ಟುಡಿಯೋದವನು ತೆಗೆದದ್ದು. ನಾನು ಏನೋ ಅಂದಿದ್ದೆ, ಅವಳು ನನ್ನ ಹೆಗಲ ಮೇಲೆ ಕೈ ಹಾಕಿಕೊಂಡು ನಕ್ಕಿದ್ದಳು. ಅವಳು ಅಷ್ಟು ಚೆನ್ನಾಗಿ ನಕ್ಕ ಫೋಟೋ ಬೇರೆ ಇರಲಿಲ್ಲ. ಆದ್ದರಿಂದ ಅದನ್ನೇ ತೆಗೆದುಕೊಂಡು, ನನ್ನನ್ನು ಕತ್ತರಿಸಿ, ಫ್ಲೆಕ್ಸ್ ಮಾಡಿಸಿದ್ದರು. ಸನ್ಮಾನದ ದಿನ ಅವಳಿಗೆ ಮೈಸೂರು ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಅವಳು "ಎಲ್ಲರಿಗೂ ನಮಸ್ಕಾರ" ಅಂದಾಗ ಬಿದ್ದ ಚಪ್ಪಾಳೆ, ಆ ವೇದಿಕೆಯ ಮೇಲೆ ಕನ್ನಡದವರು ಆಡಿದ ಯಾವ ಕನ್ನಡಕ್ಕೂ ಬೀಳಲಿಲ್ಲ.

ವಾರ ಕಳೆಯುವುದರಲ್ಲಿ ಪೊಲೀಸ್ ಕಚೇರಿಯಿಂದ ಕರೆ ಬಂತು. ಛೇರ್ಮನ್ನರು ಬೆಳಗಾಗುವುದರೊಳಗೆ ಫ್ಲೆಕ್ಸುಗಳನ್ನು ಬಿಚ್ಚಿಸಿ ಶಾಲೆಯ ಹಿಂದೆ ಎಸೆಸಿದರು. ನನಗೆ ತೆಂಗಿನಕಾಯಿ ಕೊಡಲು ಬಂದಿದ್ದ ಸಿದ್ದು ಅದನ್ನು ಕಂಡು, "ಬಿಸಾಕ್ಬುಟ್ಟವ್ರಲ್ಲ ಅಕ್ಕ! ಒಳ್ಳೆ ಮಾಲು, ನಂಗಿರ್ಲಿ" ಅಂತ ಒಂದನ್ನು ಸುತ್ತಿಕೊಂಡು ಗುಬ್ಬಿಗೆ ಒಯ್ದ.

ಕಚೇರಿಯವರು ಒರಟಾಗಿ ಏನೂ ಮಾಡಲಿಲ್ಲ. ಪಾಠ ಈ ಕೂಡಲೇ ನಿಲ್ಲಿಸಿ. ಅವರು ಟೀಚರ್ ಆಗಿಯೇ ಇರಬೇಕಿದ್ದರೆ ಊರಿಗೆ ಹೋಗಿ ಸರಿಯಾದ ವೀಸಾದಲ್ಲಿ ಬರಲಿ. ತಕ್ಕ ಟೀಚರು ನಿಮಗೆ ಇಲ್ಲಿ ನಿಜವಾಗಿ ಸಿಗುವುದಿಲ್ಲವೇ ಅಂತ ನಮ್ಮ ಕಚೇರಿಯವರೊಬ್ಬರು ಶಾಲೆಗೆ ಬಂದು ವಿಚಾರಿಸಿ ಬರೆಯುತ್ತಾರೆ ಅಂದರು. ಛೇರ್ಮನ್ನರು ನನ್ನನ್ನು ರೂಮಿಗೆ ಕರೆಸಿದರು.

"ಮಂಗಳಮ್ಮ, ನಾಳೆ ಅವ್ರು ಬಂದಾಗ ನೀವು ಕನ್ನಡ ಟೀಚರ್ ಅಂತ ಹೇಳ್ಬೇಕು. ಮೊದಲಿಂದ್ಲೂ ಕನ್ನಡಾನೇ."

"ನಾನು ಇಂಗ್ಲಿಷ್ ಎಂ.ಎ. ಸಾರ್."

"ಹೆಸರು ತಾನೇ ಬದ್ಲಾಗೋದು? ನಿಮ್ ಅನ್ನಕ್ಕೇನೂ ಕಲ್ಲು ಹಾಕಲ್ಲ. ಆ ಹುಡುಗಿ ವಾಪಸ್ ಬರೋದು ನಿಮ್ ಒಂದು ಮಾತಲ್ಲಿದೆ."

ಕನ್ನಡ ಟೀಚರ್ ಆಗುವುದು ಅವಮಾನ ಅಂತಲ್ಲ. ಕನ್ನಡ ನನ್ನ ಅಮ್ಮನ ಮಾತು. ಆದರೆ ಗೋಣಿಚೀಲದ ಮೇಲೆ ಅಕ್ಷರ ಕೂಡಿಸಿ ಕಲಿತದ್ದನ್ನು, ತಗಡಿನ ಷೀಟಿನ ಕೆಳಗೆ ಬೆವರಿಳಿಸಿ ಕಲಿಸಿದ್ದನ್ನು, ಅದೆಲ್ಲ ಆಗಿಯೇ ಇಲ್ಲ ಅಂತ ನನ್ನ ಬಾಯಿಂದಲೇ ಹೇಳಿಸುವುದಿದೆಯಲ್ಲ! ತಕ್ಕವರು ಸಿಗಲಿಲ್ಲವಂತೆ. ಅವರ ಎದುರಿಗೇ ಕೂತಿದ್ದೆ.

ಸಂಜೆ ಮಾರ್ತಾ ಬಂದಳು. ಅಮ್ಮ ಕೊಟ್ಟ ಉಪ್ಪಿಟ್ಟನ್ನು ಕೆದಕುತ್ತಾ ಕೂತಳು. ಹೊರಡುವಾಗ ಮಾತ್ರ, "ನೀನು ನಿಜ ಹೇಳಿದರೂ ನನಗೆ ಬೇಜಾರಿಲ್ಲ" ಅಂದಳು. ನನಗೆ ನನ್ನ ಕ್ಲಾಸು ಬೇಕಿತ್ತು, ಅವಳೂ ಬೇಕಿತ್ತು. ಎರಡೂ ಸಿಗುವುದಿಲ್ಲ ಅಂತ ಗೊತ್ತಾದಾಗ ಕ್ಲಾಸನ್ನೇ ಬಿಟ್ಟೆ. "ಹೇಳಲ್ಲ ಕಣೇ, ನೀನು ಹೋಗಿ ಬೇಗ ಬಾ" ಅಂದೆ. ಕನ್ನಡದಲ್ಲೇ ಅಂದೆ. ಅವಳಿಗೆ ಅರ್ಥವಾಯಿತು.

ಮಾರನೇ ದಿನ ನನ್ನ ಮೇಜಿನ ಮೇಲಿದ್ದ ಇಂಗ್ಲಿಷ್ ಪುಸ್ತಕಗಳನ್ನೆಲ್ಲ ತೆಗೆಸಿ ಕನ್ನಡ ವ್ಯಾಕರಣ ಇಡಿಸಿದ್ದರು. ಛೇರ್ಮನ್ನರ ರೂಮಿನಲ್ಲಿ ಅವರು, ನಾನು, ಕಿಟಕಿಯ ಹತ್ತಿರ ಮಾರ್ತಾ. ಬಾಗಿಲಲ್ಲಿ ಬೂಟಿನ ಸದ್ದಾಯಿತು. ಸ್ವಲ್ಪ ಹೊಟ್ಟೆ ಬಂದ, ದಪ್ಪ ಮೀಸೆಯ ಒಬ್ಬರು ಒಳಗೆ ಬಂದರು. ಛೇರ್ಮನ್ನರು ಕೈ ಮುಗಿದು, "ಬನ್ನಿ ಸಾರ್. ಇವ್ರು ನಮ್ಮ ಕನ್ನಡ ಮಿಸ್ಸು" ಅಂದರು. ಬಂದವರು ನನ್ನನ್ನೇ ನೋಡಿದರು. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ನೋಡನೋಡುತ್ತಲೇ ಬಗ್ಗಿ ನನ್ನ ಕಾಲು ಮುಟ್ಟಿದರು.

"ಮೇಡಂ! ನಾನು ಮೇಡಂ, ರಂಗಸ್ವಾಮಿ! ಕುಣಿಗಲ್ ಟುಟೋರಿಯಲ್ಲು!"

ಅಯ್ಯೋ ದೇವರೇ.

"ಸಾರ್," ಅಂತ ಅವನು ಛೇರ್ಮನ್ನರ ಕಡೆ ತಿರುಗಿದ. "ಕನ್ನಡ ಮಿಸ್ಸು ಅಂತೀರಲ್ಲ! ಈ ಜಿಲ್ಲೇಲಿ ಇಂಗ್ಲಿಷ್ ಹೇಳ್ಕೊಡೋದ್ರಲ್ಲಿ ಇವ್ರನ್ನ ಬಿಟ್ರೆ ಇನ್ನೊಬ್ರಿಲ್ಲ. ಇವ್ರಿಲ್ದಿದ್ರೆ ನಾನಿವತ್ತು ಈ ಬಟ್ಟೆ ಹಾಕ್ತಿರ್ಲಿಲ್ಲ. ಬೇಕಾ ಕೇಳಿ." ಅಷ್ಟು ಹೇಳಿ, ಆ ರೂಮಿನ ನಟ್ಟನಡುವೆ ನೆಟ್ಟಗೆ ನಿಂತು, ಹಸುವಿನ ಪ್ರಬಂಧವನ್ನು ಇಂಗ್ಲಿಷಿನಲ್ಲಿ ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದ. ಎರಡು ಕೊಂಬು, ನಾಲ್ಕು ಕಾಲು, ಒಂದು ಉದ್ದನೆಯ ಬಾಲ, ಒಂದೂ ಬಿಡಲಿಲ್ಲ. ನನ್ನ ಕಣ್ಣಲ್ಲಿ ನೀರು ತುಂಬಿತು. ಅದು ಯಾಕೆ ತುಂಬಿತು ಅಂತ ಅವನು ತಪ್ಪು ತಿಳಿದ.

"ರಂಗಸ್ವಾಮಿ, ಅದೆಲ್ಲ ಹಳೇದು ಕಣಪ್ಪ," ಅಂದೆ. "ಈಗ ನಾನು ಕನ್ನಡ..."

"ಸುಮ್ನಿರಿ ಮೇಡಂ. ನಿಮ್ ಕ್ಲಾಸ್ ಕಿತ್ಕೊಂಡು ಕನ್ನಡ ಅಂತ ಹೇಳಿಸ್ತಾವ್ರಾ? ನಂಗೊತ್ತಾಯ್ತದೆ. ಬೆದರಿಸಿದ್ರಾ ನಿಮ್ನ?"

"ಇಲ್ಲಪ್ಪ. ದಯವಿಟ್ಟು ಏನೂ ಬರೀಬೇಡ."

"ನೀವು ಯಾವಾಗ್ಲೂ ಹಂಗೇ. ನಿಮಗೋಸ್ಕರ ಏನೂ ಕೇಳೋರಲ್ಲ," ಅಂದ. "ನಾನಿದೀನಿ ಮೇಡಂ. ನಿಮ್ ಕ್ಲಾಸ್ ನಿಮಗೇ ಬರ್ಬೇಕು, ಹಂಗ್ ಬರೀತೀನಿ."

ಅವನ ಮುಖದಲ್ಲಿ ಎಂಥ ಸಂತೋಷವಿತ್ತು ಅಂದರೆ, ಅದಕ್ಕಿಂತ ಹೆಚ್ಚಿನ ಗುರುದಕ್ಷಿಣೆ ಯಾವ ಟೀಚರಿಗೂ ಸಿಕ್ಕಿರಲಾರದು. ಇಡೀ ಬದುಕಿನಲ್ಲಿ ನನ್ನನ್ನು ಇಂಗ್ಲಿಷ್ ಟೀಚರ್ ಅಂತ ಯಾರಾದರೂ ಎದ್ದು ನಿಂತು ಹೇಳಿದ್ದು ಅದೊಂದೇ ಸಲ. ಅದೂ ಅವತ್ತೇ ಆಗಬೇಕಿತ್ತು. ಇನ್ನೂ ಹೆಚ್ಚು ಬೇಡ ಅಂದರೆ, ಬೆದರಿಸಿದ್ದೇ ನಿಜ ಅಂತ ಅವನು ಎಲ್ಲವನ್ನೂ ಕೆದಕಿ, ಮಾರ್ತಾಳ ಗತಿ ಇನ್ನೂ ಕೆಡುತ್ತಿತ್ತು. ಬಾಯಿ ಮುಚ್ಚಿಕೊಂಡೆ. ಅವನು ಬರೆದ. ತಕ್ಕ ಇಂಗ್ಲಿಷ್ ಟೀಚರು ಈ ಶಾಲೆಯಲ್ಲೇ ಇದ್ದಾರೆ, ಹೊರಗಿನಿಂದ ಯಾರೂ ಬೇಕಿಲ್ಲ ಅಂತ.

ರೂಮಿನಿಂದ ಹೊರಗೆ ಹೋದ ಮಾರ್ತಾಳ ಹಿಂದೆ ಓಡಿದೆ. ನನಗೆ ಗೊತ್ತಿರಲಿಲ್ಲ, ಅವನು ಬರುತ್ತಾನೆ ಅಂತ ನಿಜವಾಗಿ ಗೊತ್ತಿರಲಿಲ್ಲ ಅಂತ ಎರಡೂ ಭಾಷೆಯಲ್ಲಿ ಹೇಳಿದೆ. ಅವಳು ತಲೆಯಾಡಿಸಿದಳು. ನಂಬಿ ಆಡಿಸಿದ್ದಲ್ಲ. ನಂಬುವುದಾದರೂ ಹೇಗೆ? ವಿಚಾರಣೆಗೆ ಬಂದವನು ನನ್ನ ಶಿಷ್ಯ, ಬಂದವನೇ ನನ್ನ ಕಾಲಿಗೆ ಬಿದ್ದ, ನಾನು ಅತ್ತೆ, ಕೆಲಸ ನನಗೇ ಉಳಿಯುವ ಹಾಗೆ ಬರೆದುಕೊಟ್ಟ. ನಾನೇ ಅವಳ ಜಾಗದಲ್ಲಿದ್ದಿದ್ದರೆ ನನ್ನನ್ನು ನಂಬುತ್ತಿರಲಿಲ್ಲ. ಮನೆಗೆ ಬಂದರೆ ಅಮ್ಮನೂ ಮೆಲ್ಲಗೆ, "ನೀನೇ ಹೇಳ್ಸಿದ್ದೇನೇ ಮಂಗಳಿ?" ಅಂದರು. ಹೆತ್ತವಳು!

ಅವಳು ಹೊರಟದ್ದು ಸಂಕ್ರಾಂತಿಯ ಹಿಂದಿನ ದಿನ. ಅಮ್ಮ ಬೀರಲು ಅಂತ ಮಾಡಿದ್ದ ಎಳ್ಳು ಬೆಲ್ಲವನ್ನು ಡಬ್ಬಿಗೆ ಹಾಕಿಕೊಂಡು ಕಾರಿನ ಹತ್ತಿರ ಹೋದೆ. ಎಳ್ಳು ಬೆಲ್ಲ ತಿಂದು ಒಳ್ಳೇ ಮಾತಾಡು ಅನ್ನುವುದನ್ನು ನಾನೇ ಅವಳಿಗೆ ಹೇಳಿಕೊಟ್ಟಿದ್ದೆ, ಅವಳು ಅದನ್ನು ಹೇಳಿ ಹೇಳಿ ನಗುತ್ತಿದ್ದಳು. ಕೈ ಒಡ್ಡಿದಳು. ಬಾಯಿಗೆ ಹಾಕಿಕೊಂಡಳು. ಪೂರ್ತಿ ಅಗಿದು ನುಂಗಿದ ಮೇಲೆ ಇಂಗ್ಲಿಷಿನಲ್ಲಿ ಹೇಳಿದಳು, "ನಿನ್ನ ವಿದ್ಯಾರ್ಥಿ ನೀನು ಹೇಳಿಕೊಟ್ಟ ಪಾಠವನ್ನು ಚೆನ್ನಾಗಿ ಒಪ್ಪಿಸಿದ." ಒಂದೂ ತಪ್ಪಿಲ್ಲದ ಇಂಗ್ಲಿಷು. ನಾನು ಕಲಿಸಿದ್ದು. ಆಮೇಲೆ ನಾನು ಬರೆದ ಯಾವ ಕಾಗದಕ್ಕೂ ಅವಳಿಂದ ಉತ್ತರ ಬರಲಿಲ್ಲ.

ಕ್ಲಾಸು ನನಗೆ ವಾಪಸ್ ಬಂತೇ ಅಂತ ಕೇಳುತ್ತೀರೇನೋ. ಆ ವರ್ಷದ ಪರೀಕ್ಷೆ ಮುಗಿಯುವವರೆಗೆ ಬಂತು. ಮೇ ತಿಂಗಳಲ್ಲಿ ಛೇರ್ಮನ್ನರು ಕರೆಸಿ, "ಮಂಗಳಮ್ಮ, ನಿಮ್ ಶಿಷ್ಯಂದ್ರು ಜಿಲ್ಲೆ ತುಂಬ ಇದಾರೆ. ನಿಮಗೆ ಕೆಲಸಕ್ಕೇನ್ ಬರ?" ಅಂದರು. ಜೂನಿನಲ್ಲಿ ಸರ್ಕಲ್ಲಿಗೆ ಹೊಸ ಫ್ಲೆಕ್ಸ್ ಬಂತು. ಅದರಲ್ಲಿ ಇನ್ನೊಬ್ಬಳು ಬಿಳಿಯ ಹೆಂಗಸು, ಕೈಯಲ್ಲಿ ಪುಸ್ತಕ, ಮುಖದಲ್ಲಿ ನಗು. ಕಂಪ್ಯೂಟರಿನಿಂದ ಇಳಿಸಿಕೊಂಡ ಚಿತ್ರವಂತೆ. ಅವಳು ಯಾರೋ, ಎಲ್ಲಿಯವಳೋ, ತುಮಕೂರು ಅಂತ ಒಂದು ಊರಿದೆ ಅಂತಲೇ ಅವಳಿಗೆ ಗೊತ್ತಿರಲಾರದು. ಆದರೆ ಅಡ್ಮಿಷನ್ನಿಗೆ ಜನ ಕಿಕ್ಕಿರಿದು ಬಂದರು. ಚಿತ್ರಕ್ಕೆ ವೀಸಾ ಬೇಕಿಲ್ಲ, ನೋಡಿ. ಛೇರ್ಮನ್ನರಿಗೆ ಇದು ಮೊದಲೇ ಹೊಳೆದಿದ್ದರೆ ನಾವಿಬ್ಬರೂ ಈ ಪಾಡಿನಿಂದ ಉಳಿಯುತ್ತಿದ್ದೆವು.

ಈಗ ನಾನು ಬೆಳ್ಳಾವಿಯ ಒಂದು ಕನ್ನಡ ಶಾಲೆಯಲ್ಲಿದ್ದೇನೆ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಪ್ರತಿ ವರ್ಷ ಟೀಚರ್ಸ್ ಡೇ ದಿನ ರಂಗಸ್ವಾಮಿ ಫೋನ್ ಮಾಡುತ್ತಾನೆ. "ನಿಮಗೆ ನಾನ್ ಮಾಡಿದ್ದು ಅದೊಂದೇ ಉಪಕಾರ ಮೇಡಂ" ಅನ್ನುತ್ತಾನೆ. "ಅದೇ ಬೇಕಾದಷ್ಟಾಯ್ತು ಕಣಪ್ಪ" ಅನ್ನುತ್ತೇನೆ. ಬೆಳ್ಳಾವಿಗೆ ಯಾಕೆ ಹೋದಿರಿ ಅಂತ ಕೇಳಿದರೆ, ಅಲ್ಲಿ ಗಾಳಿ ಚೆನ್ನಾಗಿದೆ ಅನ್ನುತ್ತೇನೆ. ಪಾಪ, ಅವನಿಗೇಕೆ ನೋವು ಕೊಡಲಿ? ಈ ಇಡೀ ಕಥೆಯಲ್ಲಿ ಒಳ್ಳೆಯದೇ ಮಾಡಬೇಕು ಅಂತ ಬಂದವನು ಅವನೊಬ್ಬನೇ.

ಮೊನ್ನೆ ಗುಬ್ಬಿಯಿಂದ ಹೊರಡುವ ಹೊತ್ತಿಗೆ ಮೋಡ ಕವಿದಿತ್ತು. ಸಿದ್ದು ಫ್ಲೆಕ್ಸನ್ನು ಎಳೆದು ಸರಿಮಾಡಲು ನನ್ನನ್ನೂ ಕರೆದ. ನಾನು ಒಂದು ಮೂಲೆ ಹಿಡಿದೆ. ಮಡಿಕೆಯೊಳಗೆ ಸೇರಿಹೋಗಿದ್ದ ಅಂಚು ಬಿಚ್ಚಿಕೊಂಡಿತು. ಮಾರ್ತಾಳ ಕೈ ಉದ್ದಕ್ಕೆ ಚಾಚಿಕೊಂಡಿತ್ತು. ಅವಳ ಬೆರಳುಗಳ ಕೆಳಗೆ, ಕತ್ತರಿಸುವಾಗ ಬಿಟ್ಟುಹೋದ ಒಂದು ತುಂಡು ಹಸಿರು ಸೀರೆ. ಅಂಗೈಯಷ್ಟು ಅಗಲ. ಅದು ನನ್ನ ಹೆಗಲು. ಊರವರೆಲ್ಲ ನೋಡಿದ ಆ ಫ್ಲೆಕ್ಸಿನಲ್ಲಿ ನಾನೂ ಇದ್ದೆ.

"ಹಳೇದಾಯ್ತು ಬುಡಕ್ಕ," ಅಂದ ಸಿದ್ದು, ನನ್ನ ಮುಖ ನೋಡಿ. "ನಿಂಗೆ ಬೇಜಾರಾದ್ರೆ ಇದ್ನ ಒಲೆಗೆ ಹಾಕಿ ಹೊಸಾ ಟಾರ್ಪಾಲ್ ತತ್ತೀನಿ."

ನಾನು ಹಗ್ಗವನ್ನು ಗಟ್ಟಿಯಾಗಿ ಎಳೆದು ಗಂಟು ಹಾಕಿದೆ.

"ಬೇಡ ಕಣೋ," ಅಂದೆ. "ಇರ್ಲಿ. ಇನ್ನೊಂದು ಮಳೆಗಾಲ ತಡ್ಕೊಳ್ತದೆ."